ಗಂಗಾವತಿ ಮಿಲ್ಲಿನ ಚೀನಿ

ಗಂಗಾವತಿ, ಕಾರಟಗಿ ಕಡೆಯ ಅಕ್ಕಿ ಮಿಲ್ಲುಗಳಲ್ಲಿ ಸಾರ್ಟೆಕ್ಸ್ ರಿಪೇರಿ ಮಾಡುವುದು ನನ್ನ ಹೊಟ್ಟೆಪಾಡು. ಸಾರ್ಟೆಕ್ಸ್ ಎಂಬುದು ಮೂಲದಲ್ಲಿ ಒಂದು ಕಂಪನಿಯ ಹೆಸರು. ನಮ್ಮ ಕಡೆ ಯಾರೇ ತಯಾರಿಸಿದ ಕಲರ್ ಸಾರ್ಟರ್ ಆದರೂ ಅದು ಸಾರ್ಟೆಕ್ಸೇ. ಪಾಲಿಶ್ ಆದ ಅಕ್ಕಿ ಇಳಿಜಾರಿನ ತಗಡಿನ ಮೇಲಿಂದ ಸಾಲುಸಾಲಾಗಿ ಬೀಳುತ್ತಿರುತ್ತದೆ. ಹಿಂದೆ ಮುಂದೆ ಕ್ಯಾಮೆರಾಗಳು ಒಂದೊಂದೇ ಕಾಳನ್ನು ನೋಡುತ್ತವೆ. ಕರಿ ಕಾಳೋ ಹಳದಿ ಕಾಳೋ ಕಂಡ ಕ್ಷಣಕ್ಕೆ ಕೆಳಗಿನ ಇಜೆಕ್ಟರ್ ಫಟ್ಟನೆ ಗಾಳಿ ಬಿಟ್ಟು ಅದನ್ನು ಆಚೆ ಹಾರಿಸುತ್ತದೆ. ಇಂಥ ಮಷೀನುಗಳಲ್ಲಿ ಬಹಳಷ್ಟು ತಯಾರಾಗುವುದು ಚೀನಾದ ಆನ್‌ಹುಯಿ ಪ್ರಾಂತ್ಯದ ರಾಜಧಾನಿ ಹೆಫೆಯ್ ನಗರದಲ್ಲಿ. ನಾನು ಚೀನಿ ಕಲಿಯಲು ಹೊರಟಿದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣವಿಲ್ಲ.

ಮಷೀನಿನ ಪರದೆಯಲ್ಲಿ ಇಂಗ್ಲಿಷ್ ಇರುತ್ತದೆ, ನಿಜ. ಆದರೆ ಮೇಲಿನ ಪುಟ ದಾಟಿ ಒಳಗಿನ ಸೆಟ್ಟಿಂಗ್‌ಗೆ ಹೋದರೆ ಅಲ್ಲಲ್ಲಿ ಚೀನಿ ಅಕ್ಷರಗಳೇ ಉಳಿದಿರುತ್ತವೆ. ಮೊದಲು ಚೀನಾದಿಂದಲೇ ಇಂಜಿನಿಯರುಗಳು ಬರುತ್ತಿದ್ದರು. ಕೋವಿಡ್ ಬಂತು, ಗಲ್ವಾನ್ ಗಡಿ ಘರ್ಷಣೆ ಆಯಿತು, ವೀಸಾ ಬಿಗಿಯಾಯಿತು. 2020ರ ಜೂನ್ ಕೊನೆಗೆ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್ ಕೂಡ ಇತ್ತು. ಅದುವರೆಗೆ ಫೋಟೊ ಕಳಿಸಿ, ಅನುವಾದದ ಗುಂಡಿ ಒತ್ತಿ ಹೇಗೋ ನಡೆಯುತ್ತಿದ್ದ ಸಂಸಾರ ನಿಂತಿತು. ಸೀದಾ ಫೋನಿನಲ್ಲಿ ಮಾತಾಡದೆ ಗತಿಯಿಲ್ಲ ಅನ್ನುವಂತಾಯಿತು. ಮಿಲ್ಲಿನ ಸಾವ್ಕಾರರು ಅಂದರು, "ನೀನೇ ಕಲಿಯೋ ಮಾರಾಯ, ನಿನ್ನ ತಲಿ ಇನ್ನಾ ಓಡತೈತಿ." ಆಗ ನನ್ನ ವಯಸ್ಸು ನಲವತ್ತರ ಹತ್ತಿರ ಬಂದಿತ್ತು.

ಆರಂಭದ ಪಾಠಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಫೋನಿನಲ್ಲಿ ಪ್ಲೆಕೊ ನಿಘಂಟು, ಪದ ನೆನಪಿಗೆ ಆಂಕಿ, ವಾರಕ್ಕೊಮ್ಮೆ ಆನ್‌ಲೈನಿನಲ್ಲಿ ಒಬ್ಬ ಟೀಚರು. ಮೊದಮೊದಲು ದಿನವೂ ಏನೋ ಗಳಿಸಿದ ಖುಷಿ ಇರುತ್ತದೆ. ಕಷ್ಟ ಶುರುವಾಗುವುದು ನಡುವಿನ ಮಜಲಿನಲ್ಲಿ. ಎಚ್‌ಎಸ್‌ಕೆ ಎಂಬ ಚೀನಿ ಪರೀಕ್ಷೆಯ ಹಳೆಯ ಲೆಕ್ಕದಲ್ಲಿ 4ನೇ ಹಂತಕ್ಕೆ 1200 ಪದ, 5ಕ್ಕೆ 2500, 6ಕ್ಕೆ 5000. ಹಂತ ಏರಿದಂತೆ ಪದ ದುಪ್ಪಟ್ಟಾಗುತ್ತದೆ, ಆದರೆ ಒಂದೊಂದು ಪದದಿಂದ ಸಿಗುವ ಉಪಯೋಗ ಕಮ್ಮಿಯಾಗುತ್ತ ಹೋಗುತ್ತದೆ. ‘ಬೇಕು’ ಕಲಿತರೆ ಅದೇ ದಿನ ಹತ್ತು ಸಲ ಬಳಸಬಹುದು. ‘ಪರಿಸರ ಸಂರಕ್ಷಣೆ’ ಕಲಿತು ಗಂಗಾವತಿಯಲ್ಲಿ ಯಾರಿಗೆ ಹೇಳಬೇಕು? 2021ರಲ್ಲಿ ಹೊಸ ಮಾನದಂಡ ಬಂದು ಆರು ಹಂತಗಳು ಒಂಬತ್ತಾದವು, ಪದಗಳು 11,092ಕ್ಕೆ ಏರಿದವು. ಆ ಸಂಖ್ಯೆ ನೋಡಿ ಪುಸ್ತಕ ಮುಚ್ಚಿಟ್ಟವರೂ ಇರಬೇಕು.

ನನ್ನ ಗಾಡಿ ಸಿಕ್ಕಿಕೊಂಡದ್ದು ಪದಗಳಲ್ಲಿ ಅಲ್ಲ. ಓದಿದರೆ ಅರ್ಥವಾಗುತ್ತಿತ್ತು, ಬಾಯಿ ತೆರೆದರೆ ವಾಕ್ಯ ಹೊರಡುತ್ತಿರಲಿಲ್ಲ. ಅದು ಬಿಡಿಸಿಕೊಂಡದ್ದು ತುಂಗಭದ್ರಾ ಡ್ಯಾಮಿನ ದೆಸೆಯಿಂದ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟು ಕೊಚ್ಚಿಕೊಂಡು ಹೋಯಿತಲ್ಲ, ಆ ವಾರ ನಮ್ಮ ಕಡೆ ಬೇರೆ ಮಾತೇ ಇರಲಿಲ್ಲ. ಎಡದಂಡೆ ಕಾಲುವೆಯ ನೀರು ನಂಬಿ ನಾಟಿ ಮಾಡಿದವರು, ಅವರ ನೆಲ್ಲು ನಂಬಿ ಕೂತ ಮಿಲ್ಲಿನವರು, ಮಿಲ್ಲು ನಂಬಿದ ನಾವು, ಎಲ್ಲರ ಕಣ್ಣೂ ಮುನಿರಾಬಾದಿನ ಮೇಲೆ. ಅದರ ಮುಂದಿನ ವಾರದ ಪಾಠದಲ್ಲಿ ಟೀಚರು ಸುಮ್ಮನೆ ಕೇಳಿದರು, ಊರಲ್ಲಿ ಏನು ಸಮಾಚಾರ ಅಂತ. ನಾನು ರೂಢಿಯಂತೆ ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯ ಕಟ್ಟಿಕೊಂಡು ಒಂದೊಂದೇ ಪದ ಚೀನಿಗೆ ತಿರುಗಿಸತೊಡಗಿದೆ. ನಡುದಾರಿಯಲ್ಲಿ ನಿಂತೆ. ಸಿಟ್ಟು ಬಂದು ಕನ್ನಡದಲ್ಲೇ ಗೊಣಗಿದೆ: "ಚೈನ್ ಕಟ್ ಆತು, ಗೇಟು ನೀರಾಗ ಕೊಚ್ಚಿ ಹೋತು." ಗೊಣಗಿದ ಮಾತನ್ನೇ ಚೀನಿಯಲ್ಲಿ ಅಂದು ನೋಡಿದೆ. ‘ಛುಂಗ್ ತ್ಸೋ ಲ.’ ಛುಂಗ್ ಅಂದರೆ ನೀರು ರಭಸದಿಂದ ಕೊಚ್ಚುವುದು, ತ್ಸೋ ಅಂದರೆ ಹೋಗುವುದು. ಕೊಚ್ಚಿ ಹೋತು. ಟೀಚರು, ಸರಿ, ಮುಂದೆ ಹೇಳಿ ಅಂದರು. ಎಂಟೇ ದಿನದಲ್ಲಿ ತಾತ್ಕಾಲಿಕ ಗೇಟು ಕೂರಿಸಿ ನೀರು ಉಳಿಸಿದ ಕಥೆಯನ್ನು ಅವತ್ತು ಪೂರಾ ಹೇಳಿದೆ. ನಿಧಾನವಾಗಿ ಹೇಳಿದೆ, ಆದರೆ ಇಂಗ್ಲಿಷನ್ನು ಮುಟ್ಟದೆ.

ಚೀನಿ ಕಲಿಸುವ ಪುಸ್ತಕಗಳಲ್ಲಿ ನಮಗೆ ಸಿಗುವುದೆಲ್ಲ ಇಂಗ್ಲಿಷ್ ಆಡುವವರಿಗಾಗಿ ಬರೆದದ್ದು. ಅವರಿಗೆ ಎಲ್ಲಿ ಕಷ್ಟವೋ ಅಲ್ಲಿ ‘ಎಚ್ಚರಿಕೆ, ಇದು ಕಠಿಣ’ ಎಂದು ಹಾಕಿರುತ್ತಾರೆ. ಅವರ ಕಷ್ಟವನ್ನು ನಾವೂ ಭಕ್ತಿಯಿಂದ ಪಡುತ್ತೇವೆ. ಕನ್ನಡದಿಂದ ಹೊರಟವನಿಗೆ ಆ ಕಷ್ಟಗಳಲ್ಲಿ ಅರ್ಧ ಇಲ್ಲವೇ ಇಲ್ಲ. ಬೇರೆ ಕಷ್ಟಗಳಿವೆ, ಅವನ್ನು ಯಾವ ಪುಸ್ತಕವೂ ಹೇಳುವುದಿಲ್ಲ.

ಉದಾಹರಣೆಗೆ ‘ನಿನ್ನೆ ರಿಪೇರಿ ಮಾಡಿದ ಮಷೀನು’. ಇಂಗ್ಲಿಷಿನಲ್ಲಿ ಮಷೀನು ಮೊದಲು ಬಂದು, ಅದರ ಹಿಂದೆ ಬಾಲದ ಹಾಗೆ ವಿವರ ಬರುತ್ತದೆ. ಚೀನಿಯಲ್ಲಿ ‘ತ್ಸುಓಥ್ಯೆನ್ ಶ್ಯುಹಾವ್ ತ ಚಿಛಿ’: ನಿನ್ನೆ, ರಿಪೇರಿ ಮಾಡಿದ, ಮಷೀನು. ಒಂದು ಪದವೂ ಜಾಗ ಬಿಟ್ಟು ಕದಲಿಲ್ಲ. ವಿವರ ಎಷ್ಟೇ ಉದ್ದವಾಗಲಿ, ಅದೆಲ್ಲ ಮುಗಿದ ಮೇಲೆ ಹೆಸರು ಬರುವುದು ನಮಗೆ ಹುಟ್ಟಿನಿಂದ ಬಂದದ್ದು. ‘ನಾಳೆ ಮಿಲ್ಲಿನಾಗ’ ಅಂತ ಮೊದಲು ಹೊತ್ತು, ಆಮೇಲೆ ಜಾಗ, ಆಮೇಲೆ ಕೆಲಸ ಹೇಳುವುದೂ ಹಾಗೆಯೇ. ‘ಪಾ’ ಎಂಬ ಪದದ ಬಗ್ಗೆ ಪುಸ್ತಕದಲ್ಲಿ ಅಧ್ಯಾಯವೇ ಇತ್ತು. ಚೀನಿಯಲ್ಲಿ ಸಾಮಾನ್ಯವಾಗಿ ಕ್ರಿಯಾಪದದ ನಂತರ ಕರ್ಮ ಬರುತ್ತದೆ, ‘ಪಾ’ ಹಾಕಿದರೆ ಕರ್ಮ ಮುಂದಕ್ಕೆ ಬರುತ್ತದೆ. ‘ಪಾ ಫಾಮನ್ ಕ್ವಾನ್ ಷಾಂಗ್’: ವಾಲ್ವ್ ಬಂದ್ ಮಾಡು. ಇಂಗ್ಲಿಷಿನವರಿಗೆ ಇದು ತಲೆಕೆಳಗು. ನಮಗೆ ಇದೇ ನೆಟ್ಟಗೆ.

‘ಲ’ ಎಂಬ ಪುಟ್ಟ ಪ್ರತ್ಯಯ ಇನ್ನೊಂದು. ಅದನ್ನು ಭೂತಕಾಲ ಅನ್ನಬೇಡಿ, ಸ್ಥಿತಿ ಬದಲಾದದ್ದರ ಗುರುತು ಅನ್ನಿ ಎಂದು ಪುಸ್ತಕ ಪುಟಗಟ್ಟಲೆ ಬೋಧಿಸುತ್ತದೆ. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ನೋಡಿ. ಗಂಗಾವತಿ ಬಸ್ಸು ಇನ್ನೂ ತಿರುವಿನಲ್ಲಿ ಇರುವಾಗಲೇ ಜನ "ಬಂತು, ಬಂತು" ಎಂದು ಏಳುತ್ತಾರೆ. ಮೊದಲ ಹನಿ ಬಿದ್ದಾಗ "ಮಳಿ ಬಂತು" ಅಂತೀವಿ, ಮಳೆ ಮುಗಿದಿಲ್ಲ, ಶುರುವಾಗಿದೆ ಅಷ್ಟೆ. ಚೀನಿಯವರೂ ಬಸ್ಸು ಕಣ್ಣಿಗೆ ಬಿದ್ದರೆ ‘ಛ ಲಾಯ್ ಲ’ ಎನ್ನುತ್ತಾರೆ.

ಇನ್ನು ನಮ್ಮ ಭಾಗದ ಆಡುಮಾತು ಮಾತ್ರ ಕೊಡಬಲ್ಲ ಒಂದು ಉಪಕಾರವಿದೆ. ಚೀನಿಯಲ್ಲಿ ಕೇಳಿದರೂ ಅರ್ಥವಾಗದ್ದಕ್ಕೆ ‘ಥಿಂಗ್ ಪು ತುಂಗ್’, ತೆರೆಯಲು ನೋಡಿದರೂ ತೆರೆಯದ್ದಕ್ಕೆ ‘ತಾ ಪು ಖಾಯ್’, ಎಷ್ಟು ಮಾಡಿದರೂ ರಿಪೇರಿಯಾಗದ್ದಕ್ಕೆ ‘ಶ್ಯು ಪು ಹಾವ್’ ಎಂಬ ರಚನೆ ಇದೆ. ಪ್ರಯತ್ನ ನಡೆದಿದೆ, ಫಲ ಕೂಡಿ ಬರುತ್ತಿಲ್ಲ ಎಂಬ ಛಾಯೆ ಅದರಲ್ಲಿದೆ. ಇದನ್ನು ‘ಸಾಧ್ಯವಿಲ್ಲ’ ಎಂದು ಅರ್ಥೈಸಿಕೊಂಡಷ್ಟು ದಿನ ಬಳಸಲು ಬರಲಿಲ್ಲ. ನಮ್ಮಲ್ಲಿ ತಿಳೀವಲ್ದು, ತೆಗೀವಲ್ದು, ಆಗವಲ್ದು ಅಂತೀವಲ್ಲ, ಅದನ್ನಿಟ್ಟು ನೋಡಿದ ಮೇಲೆ ಹೆಫೆಯ್‌ನ ಇಂಜಿನಿಯರಿಗೆ ಮಷೀನಿನ ಸಂಕಟ ಹೇಳುವುದು ಸರಾಗವಾಯಿತು. ಪಠ್ಯಪುಸ್ತಕದ ಕನ್ನಡಕ್ಕಿಂತ ಮಿಲ್ಲಿನ ಕನ್ನಡ ಹೆಚ್ಚು ಕೆಲಸಕ್ಕೆ ಬಂತು. ಶಾಲೆಯಲ್ಲಿ ಇದೇ ಮಾತಿಗೆ ಮಾಸ್ತರರು ನಮ್ಮ ಕಿವಿ ಹಿಂಡುತ್ತಿದ್ದರು.

ಉಚ್ಚಾರದಲ್ಲೂ ನಮ್ಮ ಅಕ್ಷರಮಾಲೆ ಇಂಗ್ಲಿಷ್ ಲಿಪಿಗಿಂತ ಹತ್ತಿರ. ರೋಮನ್ ಲಿಪಿಯ ಪಿನ್‌ಯಿನ್ ಬರಹದಲ್ಲಿ ‘ಬಿ’ ಎಂದು ಕಾಣುವುದು ನಿಜವಾಗಿ ನಮ್ಮ ಅಲ್ಪಪ್ರಾಣ ಪಕಾರ. ‘ಪಿ’ ಎಂದು ಕಾಣುವುದು ಮಹಾಪ್ರಾಣ. ಕ-ಖ, ತ-ಥ, ಚ-ಛ ಎಲ್ಲ ಹೀಗೆಯೇ. ಶ-ಷ ಬೇರೆ ಬೇರೆ ಇರುವುದೂ ಒಂದು ಅನುಕೂಲ. ನಾವು ಎರಡನ್ನೂ ಒಂದೇ ತೆರನಾಗಿ ಉಚ್ಚರಿಸಿ ಕೆಡಿಸಿದ್ದೇವೆ, ಅಕ್ಷರವಾದರೂ ಉಳಿದಿದೆ. ನನ್ನ ನೋಟ್‌ಬುಕ್ ಪೂರಾ ಕನ್ನಡ ಲಿಪಿಯಲ್ಲೇ ಇದೆ. ಒಂದು ತೊಡಕು: ‘ಫ’ ಕಂಡರೆ ನಮ್ಮ ನಾಲಿಗೆ ಫೋನಿನ ಫಕಾರವನ್ನೇ ಹೇಳುತ್ತದೆ. ಹಾಗಾಗಿ ಮಹಾಪ್ರಾಣಕ್ಕೆ ‘ಪ್ಹ’ ಎಂದು ಬರೆದುಕೊಳ್ಳುತ್ತೇನೆ, ‘ಫ’ವನ್ನು ಫೋನಿಗೇ ಬಿಟ್ಟಿದ್ದೇನೆ.

ಈಗ ಕನ್ನಡ ಕೈಕೊಡುವ ಜಾಗಗಳು. ಮೊದಲನೆಯದು ಸ್ವರ. ಚೀನಿಯಲ್ಲಿ ನಾಲ್ಕು ಏರಿಳಿತ, ಮೇಲೊಂದು ತಟಸ್ಥ. ಕನ್ನಡದವನ ಕಿವಿ ಹ್ರಸ್ವ-ದೀರ್ಘಕ್ಕೆ ಪಳಗಿದ್ದು. ದನಿ ಏರಿಸಬೇಕಾದಲ್ಲಿ ನಾವು ಎಳೆಯುತ್ತೇವೆ, ಇಳಿಸಬೇಕಾದಲ್ಲಿ ಮೊಟಕು ಮಾಡುತ್ತೇವೆ. ಒಂಟಿ ಪದದಲ್ಲಿ ಸರಿ ಹೋದದ್ದು ವಾಕ್ಯದಲ್ಲಿ ಕೆಡುತ್ತದೆ, ಯಾಕೆಂದರೆ ನಮ್ಮ ದನಿಯ ಏರಿಳಿತ ಸಿಟ್ಟು, ಅಕ್ಕರೆ, ಪ್ರಶ್ನೆಗಳಿಗೆ ಮೀಸಲು. ನಮ್ಮ ಓಣಿಯ ಭಜನಾ ಮಂಡಳಿಯ ಹಾರ್ಮೋನಿಯಂ ಕಾಕಾ ಕೂತು ಕೇಳಿ ಒಂದು ಮಾತು ಅಂದರು: "ಇದು ಪೆಟ್ಟಿಗಿಯಾಗ ಬರೂದಲ್ಲಪ್ಪಾ. ಇದು ಮೀಂಡು, ಬಾಯಾಗ ಹಚ್ಚು." ಹಾರ್ಮೋನಿಯಂ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ, ಚೀನಿಯ ಎರಡನೆಯ ಮತ್ತು ನಾಲ್ಕನೆಯ ದನಿ ಜಾರುತ್ತವೆ. ಅವರು ಹೇಳಿದಂತೆ ಅರ್ಥ ಬಿಟ್ಟು, ಬರೀ ಆಕಾರದಲ್ಲಿ ಎರಡೆರಡು ಉಚ್ಚಾರಾಂಶದ ಜೋಡಿಗಳನ್ನು ಹಾಡಿ ಹಾಡಿ ರೂಢಿ ಮಾಡಿದೆ. ನಾಲ್ಕನ್ನು ಐದರೊಡನೆ ಕೂಡಿಸಿದರೆ ಜೋಡಿಗಳು ಇಪ್ಪತ್ತೇ. ಮಿಲ್ಲಿನ ಸದ್ದಿನಲ್ಲಿ ಗಂಟಲು ಬಿಟ್ಟು ಹಾಡಿದರೂ ಕೇಳುವವರಿಲ್ಲ ಎಂಬುದು ಈ ಕಸುಬಿನ ಲಾಭ.

ಎರಡನೆಯದು ಯಾರು ಎಂಬುದು. ಬಂದಾನ, ಬಂದಾಳ, ಬಂದಾರ ಅಂತ ಕ್ರಿಯಾಪದದ ತುದಿಯಲ್ಲೇ ಆಳು ಗೊತ್ತಾಗುವ ಭಾಷೆ ನಮ್ಮದು. ಚೀನಿ ಕ್ರಿಯಾಪದ ಅದೇನನ್ನೂ ಹೇಳುವುದಿಲ್ಲ. ಅವನು-ಅವಳು ಎರಡಕ್ಕೂ ಕಿವಿಗೆ ಒಂದೇ ‘ಥಾ’, ಅದನ್ನೂ ಆಗಾಗ ಬಿಟ್ಟುಬಿಡುತ್ತಾರೆ. ಉದ್ದದ ಆಡಿಯೊ ಮೆಸೇಜು ಬಂದರೆ ಪಾರ್ಟ್ ಕಳಿಸಿದವರು ಯಾರು, ಕಳಿಸಬೇಕಾದವರು ಯಾರು ಎಂದು ಇವತ್ತಿಗೂ ಮರಳಿ ಕೇಳುತ್ತೇನೆ. ಇದಕ್ಕೆ ಮದ್ದು ಸಿಕ್ಕಿಲ್ಲ.

ಮೂರನೆಯದು ಅಂಕಿ, ಇದಕ್ಕೆ ಮದ್ದಿದೆ. ನಾಲ್ಕಕ್ಕೆ ‘ಸ್ಸ’, ಹತ್ತಕ್ಕೆ ‘ಷ’. ದಕ್ಷಿಣ ಚೀನಾದ ಕಡೆಯ ಬಹಳ ಮಂದಿ ಎರಡನ್ನೂ ಸಕಾರದಲ್ಲೇ ಹೇಳುತ್ತಾರೆ. ದನಿಯ ಏರಿಳಿತದಿಂದ ಗುರುತಿಸಬೇಕು. ಕಂಪ್ರೆಸರಿನ ಒತ್ತಡ ಹೊಂದಿಸುವಾಗ ನಾಲ್ಕೋ ಹತ್ತೋ ಎಂಬುದು ಭಾಷೆಯ ಸೂಕ್ಷ್ಮವಲ್ಲ, ಪೈಪು ಉಳಿಯುವ ಪ್ರಶ್ನೆ. ಅಂಕಿ ಬಂದರೆ ನಾನು ಬರೆದು ಕಳಿಸಿ ಅನ್ನುತ್ತೇನೆ. ವಿಡಿಯೊದಲ್ಲಿದ್ದರೆ ಬೆರಳು ತೋರಿಸಿ ಅನ್ನುತ್ತೇನೆ. ಅವರು ಒಂದರಿಂದ ಹತ್ತರವರೆಗೆ ಒಂದೇ ಕೈಯಲ್ಲಿ ತೋರಿಸುತ್ತಾರೆ. ಆ ಸನ್ನೆಗಳನ್ನು ನಮ್ಮ ಮಿಲ್ಲಿನ ಹಮಾಲರೂ ಕಲಿತು ಚೀಲ ಎಣಿಸಲು ಬಳಸುತ್ತಾರೆ.

ಪುಸ್ತಕ ಹೇಳದ ಇನ್ನೂ ಎರಡು ವಿಷಯ ಕ್ಯಾಲೆಂಡರಿನವು. ಚೀನಾದ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನಾವು ಬೆಳಗ್ಗೆ ಮಿಲ್ಲಿಗೆ ಹೋಗಿ ಮಷೀನು ಬಿಚ್ಚಿ ಒಂಬತ್ತೂವರೆಗೆ ಫೋನ್ ಹಚ್ಚಿದರೆ ಅಲ್ಲಿ ಮಧ್ಯಾಹ್ನ ಹನ್ನೆರಡು, ಊಟ ಮತ್ತು ನಿದ್ದೆಯ ಹೊತ್ತು. ಆಫೀಸಿನಲ್ಲೇ ತಲೆ ಆನಿಸಿ ಮಲಗುವ ಪದ್ಧತಿ ಅವರದು, ಆಗ ಎಬ್ಬಿಸುವುದು ಮರ್ಯಾದೆಯಲ್ಲ. ಇನ್ನು ನಮ್ಮ ಮುಂಗಾರಿನ ನೆಲ್ಲು ನವೆಂಬರ್-ಡಿಸೆಂಬರಿನಲ್ಲಿ ಕೊಯ್ಲಾಗಿ ಮಿಲ್ಲುಗಳು ಹಗಲೂ ರಾತ್ರಿ ಓಡುವ ಹೊತ್ತಿಗೇ ಅವರ ಹೊಸ ವರ್ಷ ಬರುತ್ತದೆ, ಜನವರಿ ಕೊನೆಗೋ ಫೆಬ್ರವರಿಗೋ. ಆಗ ಇಡೀ ದೇಶ ತವರಿಗೆ ಹೊರಟಿರುತ್ತದೆ. ಯಾವ ಭಾಷೆಯಲ್ಲಿ ಕೂಗಿದರೂ ಫೋನ್ ಎತ್ತುವವರಿಲ್ಲ. ಬಿಡಿಭಾಗದ ಪಟ್ಟಿಯನ್ನು ನಾನು ದೀಪಾವಳಿಗೇ ಕಳಿಸಿಬಿಡುತ್ತೇನೆ. ಕೆಳಗೆ ಸಹಿಯ ಜಾಗದಲ್ಲಿ ‘ಷೀಫು’ ಎಂದು ಬರೆಯುವುದು ಅವರೇ ಇಟ್ಟ ಹೆಸರು. ಕಸುಬಿನ ಮೇಸ್ತ್ರಿಗಳನ್ನು ಅವರು ಹಾಗೆ ಕರೆಯುತ್ತಾರೆ.

ಜಿಲ್ಲೆಯಲ್ಲಿ ಚೀನಿಯೊಂದಿಗೆ ಗುದ್ದಾಡುವವನು ನಾನೊಬ್ಬನೇ ಅಲ್ಲ. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರಿಗೆ ಸೇರಿದ ಭಾನಾಪುರದಲ್ಲಿ 2021ರ ಜನವರಿಯಲ್ಲಿ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿತ್ತು, ಸುಮಾರು 400 ಎಕರೆಯ ಯೋಜನೆ. ಅದಕ್ಕೂ ಹಿಂದಿನ ವರ್ಷ ಕೇಂದ್ರ ಸರ್ಕಾರ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ ಏರಿಸಿತ್ತು, ಚೀನಾದ ಆಟಿಕೆ ಬರಬಾರದೆಂದೇ. ಆಟಿಕೆ ನಿಂತರೂ ಪ್ಲಾಸ್ಟಿಕ್ ಎರಕದ ಮಷೀನು, ಅಚ್ಚುಗಳ ಬಾಬತ್ತಿನಲ್ಲಿ ಚೀನಾವನ್ನು ಬಿಟ್ಟು ನಡೆಯುವುದು ಕಷ್ಟ. ಯಲಬುರ್ಗಾದ ತಂಗಿಯೊಬ್ಬಳು ಅಂಥ ಕೆಲಸಕ್ಕೆ ಸೇರಿದವಳು ಗುಂಡಿಗಳ ಫೋಟೊ ಕಳಿಸಿ ಕೇಳುತ್ತಿದ್ದಳು. ಕೆಂಪು ಗುಂಡಿಯ ‘ಚಿಥಿಂಗ್’, ತುರ್ತು ನಿಲುಗಡೆ, ಅವಳು ಕಲಿತ ಮೊದಲ ಚೀನಿ ಪದ. ನನ್ನದು ‘ನೀ ಹಾವ್’. ಯಾವುದು ಹೆಚ್ಚು ಬುದ್ಧಿವಂತಿಕೆ ಎಂದು ಬೇರೆ ಹೇಳಬೇಕಿಲ್ಲ.

ಕುಷ್ಟಗಿಯ ಗೆಳೆಯನ ಕಥೆ ಬೇರೆ. ಇಳಕಲ್-ಕುಷ್ಟಗಿ ಭಾಗದ ಕೆಂಪು ಗ್ರಾನೈಟಿನ ದಿಮ್ಮಿಗಳನ್ನು ಕೊಳ್ಳಲು ಚೀನಾದ ವ್ಯಾಪಾರಿಗಳು ಬರುತ್ತಿದ್ದ ಕಾಲದಲ್ಲಿ ಅವನು ಕ್ವಾರಿಯಲ್ಲಿ ಸೂಪರ್‌ವೈಸರ್. ಅವರು ದಿಮ್ಮಿಗೆ ನೀರು ಸುರಿದು ಬಿರುಕು ಹುಡುಕುವುದನ್ನು ನೋಡುತ್ತ ನೋಡುತ್ತ ಭಾಷೆ ಕಲಿತ. ಅಕ್ಷರ ಒಂದೂ ಬಾರದು. ಬಿರುಕಿಗೆ, ಬಣ್ಣದ ಗೆರೆಗೆ, ಒರಟು ದಿಮ್ಮಿಗೆ, ‘ಇದಕ್ಕಿಂತ ಕಮ್ಮಿಗೆ ಕೊಡಲ್ಲ’ ಅನ್ನುವುದಕ್ಕೆ ಅವನಲ್ಲಿ ಮಾತಿದೆ. ಘನ ಮೀಟರಿಗೆ ಪುಸ್ತಕದಲ್ಲಿ ‘ಲಿಫಾಂಗ್’, ಅವನು ‘ಲಿಹ್ವಾಂಗ್’ ಅನ್ನುತ್ತಿದ್ದ. ನಾನು ತಿದ್ದಲು ಹೋದೆ. "ನಿನ್ನ ಪುಸ್ತಕ ಕಲ್ಲು ಮಾರೈತೇನು?" ಅಂದ. ಆಮೇಲೆ ತಿಳಿಯಿತು, ಕಲ್ಲಿನ ವ್ಯಾಪಾರದ ಕೇಂದ್ರ ಶ್ಯಾಮೆನ್ ಇರುವುದು ಫುಜಿಯಾನ್ ಪ್ರಾಂತ್ಯದಲ್ಲಿ, ಅಲ್ಲಿಯ ಹಲವರ ಬಾಯಲ್ಲಿ ಫಕಾರ ಹಕಾರವಾಗುತ್ತದೆ, ಅವರ ಊರನ್ನೇ ಅವರು ಹುಜಿಯಾನ್ ಅನ್ನುತ್ತಾರೆಂದು ಉಳಿದ ಚೀನಿಯರು ತಮಾಷೆ ಮಾಡುತ್ತಾರೆ. ಅವನು ತನ್ನ ಗಿರಾಕಿಗಳ ಚೀನಿಯನ್ನು ಕಲಿತಿದ್ದ, ನಾನು ಟೇಪಿನ ಚೀನಿಯನ್ನು. ಪರೀಕ್ಷೆಯ ಆಡಿಯೊದಲ್ಲಿ ಎಲ್ಲರೂ ಪೀಕಿಂಗಿನ ವಾರ್ತಾವಾಚಕರು. ಹೆಫೆಯ್‌ನ ಗೋದಾಮಿನಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಡುಮಜಲಿನಲ್ಲಿ ಪುಸ್ತಕದ ಆಡಿಯೊ ಬಿಟ್ಟು ಜಗಳ, ವ್ಯಾಪಾರ, ಅಡಿಗೆಯ ವಿಡಿಯೊಗಳನ್ನು ಕೇಳತೊಡಗಿದ್ದು ಅವನಿಂದಾಗಿ.

ಓದಿನಲ್ಲಿ ನನಗೆ ಅವನಿಗಿಂತ ಸುಖವಿದೆ. ಅಕ್ಷರಗಳ ಒಳಗೆ ಕುಲದ ಗುರುತು ಇರುತ್ತದೆ. ಅಕ್ಕಿಯ ಗುರುತು ಎಡಕ್ಕಿದ್ದರೆ ತೌಡೋ ಹಿಟ್ಟೋ ಕಾಳೋ ಇರಬೇಕು. ಲೋಹದ ಗುರುತಿದ್ದರೆ ಕಬ್ಬಿಣ, ತಾಮ್ರ, ಮೊಳೆ. ವಾಲ್ವು, ಡ್ಯಾಮಿನ ಗೇಟು ಎರಡೂ ಬಾಗಿಲಿನ ಚೌಕಟ್ಟಿನ ಒಳಗೆ ಕೂತಿವೆ. ತೊಡಕು ಏನೆಂದರೆ ಪದಗಳ ನಡುವೆ ಜಾಗ ಬಿಡುವುದಿಲ್ಲ, ಎಲ್ಲಿ ಕತ್ತರಿಸಬೇಕೆಂದು ಓದುವವನೇ ಕಂಡುಕೊಳ್ಳಬೇಕು. ಇದು ನಮಗೂ ಹೊಸದಲ್ಲ. ಇಟಗಿಯ ಮಹಾದೇವ ದೇವಾಲಯ ಕಟ್ಟಿದ್ದು 1112ರಲ್ಲಿ. ಅಲ್ಲಿಯ ಹಳಗನ್ನಡ ಶಾಸನದ ಸಾಲುಗಳಲ್ಲೂ ಪದಗಳು ಒಂದಕ್ಕೊಂದು ಅಂಟಿಕೊಂಡೇ ಇವೆ. ಶಾಸನ ಓದುವ ಮೇಷ್ಟ್ರೊಬ್ಬರು ಹೇಳಿಕೊಟ್ಟ ಉಪಾಯ ಇದು: ಮೊದಲು ಪ್ರತ್ಯಯ ಹುಡುಕು, ಪದ ತಾನೇ ಬಿಡಿಸಿಕೊಳ್ಳುತ್ತದೆ. ಚೀನಿಯಲ್ಲೂ ‘ತ’, ‘ಲ’, ‘ಪಾ’ಗಳಿಗೆ ಪೆನ್ಸಿಲಿನಿಂದ ಸುತ್ತು ಹಾಕಿದರೆ ವಾಕ್ಯ ಅರ್ಧ ಬಿಚ್ಚಿಕೊಂಡಿರುತ್ತದೆ.

ಈಗ ಓದುತ್ತಿರುವುದು ಮಕ್ಕಳಿಗಾಗಿ ಸರಳಗೊಳಿಸಿದ ‘ಶಿಯೋ ಚಿ’, ಪಶ್ಚಿಮ ಯಾತ್ರೆ. 16ನೇ ಶತಮಾನದ ಈ ಕಾದಂಬರಿಯ ನಾಯಕ ಸುನ್ ವುಖುಂಗ್ ಎಂಬ ಕಪಿ. ಅವನ ಮೂಲ ಹನುಮಂತನೇ ಇರಬೇಕೆಂದು 1923ರಲ್ಲಿ ವಿದ್ವಾಂಸ ಹು ಶಿಹ್ ವಾದಿಸಿದರು, ಲೇಖಕ ಲೂ ಶುನ್ ಒಪ್ಪಲಿಲ್ಲ, ಚೀನಾದ್ದೇ ನೀರಿನ ಪಿಶಾಚಿಯೊಂದನ್ನು ಮುಂದೊಡ್ಡಿದರು. ಆನೆಗೊಂದಿ ಪಕ್ಕದ ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಬೆಳೆದ ನನಗೆ ಯಾರ ಪಕ್ಷ ಎಂದು ಕೇಳಬೇಡಿ. ಕಥೆಯ ಗುರು ಹ್ಯುವೆನ್ ತ್ಸಾಂಗ್ ನಿಜ ಜೀವನದಲ್ಲಿ ಮೂವತ್ತರ ಆಸುಪಾಸಿನಲ್ಲಿ ಇಲ್ಲಿಗೆ ಬಂದು ನಾಲಂದದಲ್ಲಿ ಸಂಸ್ಕೃತ ಓದಿ, ನಮ್ಮ ಬಾದಾಮಿಯ ಪುಲಕೇಶಿಯ ನಾಡನ್ನೂ ಕಂಡು ಬರೆದವನು. ಎದುರು ದಿಕ್ಕಿನಲ್ಲಿ ಹೋದವರು ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್. 1938ರಲ್ಲಿ ಯುದ್ಧದ ಚೀನಾಕ್ಕೆ ಹೋಗಿ, ರೋಗಿಗಳೊಂದಿಗೆ ಅವರ ಭಾಷೆಯಲ್ಲೇ ಮಾತಾಡುವಷ್ಟು ಕಲಿತು, 1942ರ ಡಿಸೆಂಬರಿನಲ್ಲಿ 32ನೇ ವಯಸ್ಸಿಗೆ ಅಲ್ಲೇ ತೀರಿಕೊಂಡರು. ನಿಘಂಟಿನ ಆ್ಯಪು ಇಬ್ಬರ ಬಳಿಯೂ ಇರಲಿಲ್ಲ. ವಯಸ್ಸಾಯಿತು ಎಂದು ನಾನು ರಾಗ ಎಳೆದಾಗಲೆಲ್ಲ ಟೀಚರು ಕೋಟ್ನಿಸರ ಚೀನಿ ಹೆಸರು ‘ಖ ತಿಹ್ವಾ’ ಎಂದಷ್ಟೇ ಹೇಳಿ ಮುಂದಿನ ಪಾಠ ತೆಗೆಯುತ್ತಾರೆ.

ಕುಷ್ಟಗಿಯ ಗೆಳೆಯ ಮತ್ತು ನಾನು ಈಗ ಒಪ್ಪಂದ ಮಾಡಿಕೊಂಡಿದ್ದೇವೆ. ಇಬ್ಬರಿಗೂ ದಾರಿಯಲ್ಲಿ ಸಿಗುವ ತಾವರಗೇರಾದಲ್ಲಿ ಕೂತು, ಮಿರ್ಚಿ-ಮಂಡಕ್ಕಿ ಮುಂದಿಟ್ಟುಕೊಂಡು ಅರ್ಧ ತಾಸು ಅವನು ಗಿರಾಕಿ, ನಾನು ವ್ಯಾಪಾರಿ. ಅವನು ಕಲ್ಲಿಗೆ ಮಾಡುವ ಚೌಕಾಶಿಯನ್ನೇ ನನ್ನ ಇಜೆಕ್ಟರಿಗೆ ಮಾಡಿ ಬೆವರಿಳಿಸುತ್ತಾನೆ. ಉಳಿದರ್ಧ ತಾಸು ನಾನು ಅವನಿಗೆ ಅಕ್ಷರ ಹೇಳುತ್ತೇನೆ. ತನ್ನ ಹಳೆಯ ಕರಾರು ಪತ್ರವೊಂದನ್ನು ಕಟ್ಟು ಹಾಕಿಸಿ ತಂದಿದ್ದಾನೆ, ಅದರಲ್ಲಿ ತಾನು ಅವತ್ತು ಯಾವುದಕ್ಕೆ ಸಹಿ ಮಾಡಿದೆ ಎಂದು ಓದಿ ತಿಳಿಯುವುದು ಅವನ ಆಸೆ. ಎರಡನೆಯ ಪುಟದವರೆಗೆ ಬಂದಿದ್ದೇವೆ. ಬಿರುಕಿನ ಷರತ್ತು ಮೂರನೆಯದರಲ್ಲಿದೆ.